ಮೊದಲ ಚುಕ್ಕೆ

ಬಟ್ಟೆ ಹೊಲಿಯುವುದರಿಂದ ಎಲ್ಲರೂ ಹೊಲಿಗೆ ಅಕ್ಕ ಎನ್ನುವವಳು ತಂಗಿಯ ಬಾಣಂತನ ಮುಗಿಸಿ ವಾಪಸ್ ಬಂದಾಗ ಬೀದಿಯಲ್ಲಿ ಅವಳ ಮನೆ ಇರಲಿಲ್ಲ. ಇಟ್ಟಿಗೆಯ ರಾಶಿ ಇತ್ತು. ಅದರ ಮೇಲೆ ಹೊಲಿಗೆ ಯಂತ್ರದ ಚಕ್ರ ಬಿದ್ದಿತ್ತು.

ಹತ್ತು ಗಂಟೆಗೆ ಅವಳು ನಮ್ಮ ಆಸ್ತಿ ತೆರಿಗೆ ಕಚೇರಿಗೆ ಬಂದಳು. ನನ್ನ ಕೆಲಸ ನಕ್ಷೆ ವಿಭಾಗದಲ್ಲಿ. ಯಾವ ಜಾಗ ಮನೆ, ಯಾವುದು ಅಂಗಡಿ, ಯಾವುದು ಖಾಲಿ ಎಂದು ಕಂಪ್ಯೂಟರಿನಲ್ಲಿ ಬಣ್ಣ ತುಂಬುತ್ತೇನೆ. ಅವಳ ಜಾಗ ಬೂದು ಬಣ್ಣದಲ್ಲಿತ್ತು. ಬೂದು ಎಂದರೆ ಖಾಲಿ ನಿವೇಶನ. ಹೊಸ ರಸ್ತೆಯ ಗೆರೆ ಅದರ ಮೇಲೇ ಹಾದಿತ್ತು. ಖಾಲಿ ಜಾಗಕ್ಕೆ ನೋಟಿಸ್ ಹೋಗುವುದಿಲ್ಲ. ಅಲ್ಲಿ ಎದ್ದು ನಿಂತದ್ದು ಅಕ್ರಮ ಎಂದುಕೊಂಡು ಕೆಡವುವವರು ಕೆಡವಿದ್ದರು.

"ಮನೆ ಇತ್ತು ಅಂತ ದಾಖಲೆ ಇದ್ರೆ ಬದಲಿ ಮನೆ ಕೊಡ್ತಾರಂತೆ. ಸಂಜೆ ಐದಕ್ಕೆ ಪಟ್ಟಿ ಮುಗಿಯತ್ತಂತೆ," ಎಂದಳು ಅಕ್ಕ. ಅವಳ ದನಿ ಏರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

\* \* \*

ನಕ್ಷೆಯ ಬದಲಾವಣೆಗಳ ದಾಖಲೆ ತೆರೆದೆ. ನಾಲ್ಕು ತಿಂಗಳ ಹಿಂದೆ ಯಾರೋ ಮನೆಯ ಹಳದಿ ಬಣ್ಣ ಅಳಿಸಿ ಬೂದು ತುಂಬಿದ್ದರು. ಮಾಡಿದವರ ಹೆಸರಿನ ಜಾಗದಲ್ಲಿ ನನ್ನದೇ ಲಾಗಿನ್ ಇತ್ತು.

ನಾನಂತೂ ಮಾಡಿರಲಿಲ್ಲ. ಆದರೆ ಕಚೇರಿಗೆ ಇರುವುದು ಒಂದೇ ಲಾಗಿನ್, ಅದು ನನ್ನ ಹೆಸರಿನದು. ಪಾಸ್‌ವರ್ಡ್ ಬರೆದ ಚೀಟಿಯನ್ನು ನಾನೇ ಪರದೆಗೆ ಅಂಟಿಸಿದ್ದೆ. ಐದು ಜನ ಬಳಸುತ್ತಿದ್ದರು.

ಮೊದಲು ಪಕ್ಕದ ಗೋದಾಮಿನ ಮಾಲೀಕನ ಮೇಲೆ ಅನುಮಾನ ಬಂತು. ಯಾರ ಕೈಯನ್ನಾದರೂ ಬಿಸಿ ಮಾಡಿರಬಹುದು. ತೆರಿಗೆ ದಾಖಲೆಯನ್ನು ನಕ್ಷೆಯ ಮೇಲೆ ಹೊದಿಸಿ ನೋಡಿದೆ. ರಸ್ತೆ ಅವನ ಗೋದಾಮನ್ನೂ ಅರ್ಧ ನುಂಗಿತ್ತು. ಅವನಲ್ಲ.

ಆಮೇಲೆ ಬೂದು ಚೌಕದ ಮೂಲೆಗಳನ್ನು ನೋಡಿದೆ. ಯಾವ ಚುಕ್ಕೆಯನ್ನು ಮೊದಲು ಇಟ್ಟರು ಎಂಬುದನ್ನು ತಂತ್ರಾಂಶ ಮರೆಯುವುದಿಲ್ಲ. ನಾವೆಲ್ಲ ಮೇಲಿನ ಎಡಮೂಲೆಯಿಂದ ಶುರುಮಾಡುತ್ತೇವೆ. ಇಲ್ಲಿ ಮೊದಲ ಚುಕ್ಕೆ ಕೆಳಗಿನ ಗೆರೆಯ ನಡುವೆ ಇತ್ತು. ಹಳೆಯ ನಕ್ಷೆಯಲ್ಲಿ ಅಲ್ಲೇ ಅಕ್ಕನ ಬಾಗಿಲಿತ್ತು.

ಸರಪಳಿ ಹಿಡಿದು ಅಳೆಯುತ್ತಿದ್ದ ಕಾಲದಿಂದ ಬಾಗಿಲಲ್ಲಿ ನಿಂತು ಅಳತೆ ಶುರುಮಾಡುವವರು ಒಬ್ಬರೇ. ನಮ್ಮ ಹಿರಿಯ ಸರ್ವೇಯರ್. ನಮಗೆಲ್ಲ ಕೆಲಸ ಕಲಿಸಿದ್ದರಿಂದ ಅವರನ್ನು ಮೇಷ್ಟ್ರು ಅನ್ನುತ್ತೇವೆ.

ರಸ್ತೆಯ ಮೊದಲ ಕರಡನ್ನು ತೆರೆದೆ. ಆಗ ಗೆರೆ ಎದುರು ಸಾಲಿನ ಒಂದು ಮನೆಯ ಮೇಲಿತ್ತು. ಅಕ್ಕನ ಜಾಗ ಖಾಲಿ ಎಂದಾದ ಮೇಲೆ ಇತ್ತ ಸರಿದಿತ್ತು. ಆ ಮನೆಗೆ ತೆರಿಗೆ ಕಟ್ಟುತ್ತಿದ್ದವಳು ಮೇಷ್ಟ್ರ ಮಗಳು.

\* \* \*

ಮೇಷ್ಟ್ರು ಊಟದ ಡಬ್ಬಿ ತೊಳೆಯುತ್ತಿದ್ದರು.

"ಮೇಷ್ಟ್ರೇ, ಖಾಲಿ ನಿವೇಶನಕ್ಕೆ ಬಾಗಿಲು ಎಲ್ಲಿರತ್ತೆ?"

ನಲ್ಲಿ ನಿಲ್ಲಿಸಿದರು. ಡಬ್ಬಿಯ ನೀರು ಚೆಲ್ಲಿದರು.

"ಮೊದಲ ಚುಕ್ಕೆ ನೋಡಿದ್ಯಾ?"

"ನೀವೇ ಕಲಿಸಿದ್ದು."

"ಎರಡರಲ್ಲಿ ಒಂದು ಮನೆ ಹೋಗ್ಲೇಬೇಕಿತ್ತಮ್ಮ," ಎಂದರು. "ಒಂದು ನನ್ನ ಮಗಳದು."

ಅಧಿಕಾರಿಯ ಮುಂದೆ ಅವರು ಎಲ್ಲವನ್ನೂ ಒಪ್ಪಿ ಬರೆದುಕೊಟ್ಟರು. ಅಧಿಕಾರಿ ಎರಡು ಸಲ ಓದಿ, ವಿಚಾರಣೆ ಆಮೇಲೆ, ಪಾಸ್‌ವರ್ಡ್ ಚೀಟಿ ಅಂಟಿಸಿದ್ದಕ್ಕೆ ನಿಮ್ಮ ವಿಚಾರಣೆಯೂ ಇದೆ, ಮೊದಲು ದಾಖಲೆ ಸರಿಮಾಡಿ ಎಂದರು. ಗಂಟೆ ನಾಲ್ಕಾಗಿತ್ತು.

ಬೂದು ಅಳಿಸಿ ಹಳದಿ ತುಂಬಿದೆ. ತಂತ್ರಾಂಶ ಒಪ್ಪಲಿಲ್ಲ. ಮನೆ ಎಂದು ಸೇರಿಸಲು ಕಟ್ಟಡದ ಫೋಟೋ ಬೇಕು, ಇವತ್ತೇ ಆ ಜಾಗದಲ್ಲೇ ತೆಗೆದದ್ದಾಗಬೇಕು. ಮೇಷ್ಟ್ರಂಥವರು ಕೂತಲ್ಲೇ ಬಣ್ಣ ಬದಲಿಸಬಾರದೆಂದು ಹೋದ ತಿಂಗಳು ತಂದ ನಿಯಮ. ಅಧಿಕಾರಿಯನ್ನು ಕೇಳಿದೆ. ತಮ್ಮ ಕೈಯಲ್ಲೂ ಇಲ್ಲ ಎಂದರು.

ಕಚೇರಿಯಲ್ಲೇ ಕಾದಿದ್ದ ಅಕ್ಕನನ್ನು ಕರೆದುಕೊಂಡು ಓಡಿದೆ. ಐದಕ್ಕೆ ಹತ್ತು ನಿಮಿಷವಿತ್ತು. ಅವಳು ಇಟ್ಟಿಗೆಗಳ ನಡುವೆ ಕಾಲಿಡಲು ಜಾಗ ಹುಡುಕಿ, ಸೀರೆ ಸರಿಮಾಡಿಕೊಂಡು ನಿಂತಳು.

"ಬಾಗಿಲು ಇಲ್ಲೇ ಇತ್ತು," ಎಂದಳು. "ಇಲ್ಲೇ ನಿಲ್ಲಲಾ?"

ಹೂಂ ಎಂದೆ. ಫೋನ್ ಎತ್ತಿದೆ. ಅವಳ ಹಿಂದೆ ಆಕಾಶವಷ್ಟೇ ಕಾಣುತ್ತಿತ್ತು.