ಲಂಡನ್ನಿಗೆ ಮೆತ್ತನೆ ಮಾತು

ಜೆತ್ರೋ ಮಗ್ಗಕ್ಕೆ ಗುದ್ದಿದ ರಭಸಕ್ಕೆ ಮಸಿಕುಡಿಕೆ ಉರುಳಿತು.

"ಕೊಲೆಗಡುಕರನ್ನ ಕೊಲೆಗಡುಕರು ಅನ್ನದೆ ಮಾವಂದಿರು ಅನ್ಲಾ?"

"ಬೀದೀಲಿ ನಿಂತು ಅನ್ನು, ಬೇಡ ಅಂದೋರ್ಯಾರು? ಪಾರ್ಲಿಮೆಂಟಿನ ಅರ್ಜೀಲಿ ಬರೆದ್ಯಲ್ಲೋ, ಪುಣ್ಯಾತ್ಮ!" ಎಂದಳು ಪಕ್ಕದ ಮನೆಯ ತಬಿತಾ.

ಅವನ ಸಿಟ್ಟು ಸುಮ್ಮನೆ ಬಂದದ್ದಲ್ಲ. ಕೂಲಿ ಕಡಿತದ ವಿರುದ್ಧ ಸೇರಿದ್ದ ಲ್ಯಾಂಕಾಶೈರಿನ ನೇಕಾರರ ಮೇಲೆ ಕುದುರೆ ಸೈನಿಕರು ಕತ್ತಿ ಬೀಸಿದ್ದರು. ಸಂತೆಬೀದಿಯ ತುಂಬ ಹೆಣ ಬಿದ್ದಿದ್ದವು. ಅಲ್ಲಿ ಸಿಕ್ಕಿಬಿದ್ದ ಅವನ ತಮ್ಮ ಏಮಸ್‌ಗೆ ಕಡಲಾಚೆಗೆ ಗಡಿಪಾರಿನ ಶಿಕ್ಷೆ. ಹಡಗು ಹೊರಡುವ ಮುಂಚೆ ಬಿಡಿಸಲು ಉಳಿದದ್ದು ಈ ಅರ್ಜಿಯೊಂದೇ. ಒಂದು ಒರಟು ಮಾತಿದ್ದರೂ ಪಾರ್ಲಿಮೆಂಟ್ ಸಭೆ ಅದನ್ನು ಮುಟ್ಟದು. ಹೊಡೆದು ತಿದ್ದಿದರಂತೂ ಹಾಳೆಯೇ ರದ್ದು. ಕೇರಿಯವರೆಲ್ಲ ಸಹಿ ಹಾಕಿದ ಮೇಲೆ ಈ ಮಹಾನುಭಾವ ತನ್ನ ರೋಷವನ್ನೂ ಸೇರಿಸಿದ್ದ. ಅರ್ಜಿ ಒಯ್ಯಬೇಕಿದ್ದ ಲಂಡನ್ನಿನ ಕುದುರೆಗಾಡಿ ಸಂಜೆಗೇ ಹೊರಡುವುದಿತ್ತು.

ತಬಿತಾ ಅವನ ಕೆನ್ನೆಗೆ ಬಾರಿಸಿದಳು. ಹೊಡೆದ ಕೈ ಹಿಂದಕ್ಕೆ ಬರಲಿಲ್ಲ. ವರ್ಷಗಳಿಂದ ಕದ್ದು ನೋಡಿದ ಕೆನ್ನೆಯನ್ನು ಮುಟ್ಟಿದ್ದು ಹೀಗೆ, ಅವಳ ಹಣೆಬರಹ!

"ಇನ್ನೊಂದು ಕೊಡು," ಎಂದ ಅವನು ಮೆಲ್ಲಗೆ, ಅವಳ ಕಣ್ಣನ್ನೇ ನೋಡುತ್ತ. "ಆಮೇಲೆ ಬೇರೆ ಹಾಳೆ ತಗೋ. ನೀ ಹೇಳಿದ ಹಾಗೇ ಆಗ್ಲಿ. ಕೇರಿಯವರ ಸಹಿ ಮತ್ತೆ ನಾನೇ ಹಾಕಿಸ್ಕೊಂಡು ಬರ್ತೀನಿ."

ಅವಳು ಎರಡು ಸಾಲು ಬರೆಯುವಷ್ಟರಲ್ಲಿ ಬಾಗಿಲು ಮುರಿದುಬಿತ್ತು.

"ದಂಗೆಗೆ ಅಂತ ಈಟಿ ಎಲ್ಲಿ ಬಚ್ಚಿಟ್ಟಿದ್ದೀಯೋ?" ಎನ್ನುತ್ತ ಪೊಲೀಸರು ನುಗ್ಗಿದರು. ದೊಣ್ಣೆ ಅವನ ಭುಜಕ್ಕೆ ಬಿತ್ತು, ಆಮೇಲೆ ಬಾಯಿಗೆ. ಕೈ ಎತ್ತಿದರೆ ಅವನೂ ಜೈಲಿಗೆ, ಅರ್ಜಿ ಒಲೆಗೆ. ಒಂದೇಟಿಗೆ ಎರಡು ಕೊಡುವ ಜೆತ್ರೋ, ಅವಳಿಗೂ ಹಾಳೆಗೂ ಅಡ್ಡನಿಂತು ಅಷ್ಟೂ ತಿಂದ. ಅವರು ಮಗ್ಗವನ್ನು ಪುಡಿಮಾಡಿ, ಈಟಿ ಸಿಗದೆ ಹೊರಟುಹೋದರು.

ತಬಿತಾ ಲೇಖನಿ ಎತ್ತಿಕೊಂಡಳು. "ಬರೀತೀನಿ! ರಾಕ್ಷಸರು, ನಾಯಿಗಳು, ಎಲ್ಲಾ ಬರೀತೀನಿ!"

ಅವನು ಅವಳ ಮಣಿಕಟ್ಟು ಹಿಡಿದ. "ಬೇಡ ಕಣೇ. ಏಮಸ್ ಮನೆಗೆ ಬರ್ಬೇಕು."

"ಮತ್ತೆ ಈ ಉರಿ ಎಲ್ಲಿ ಹಾಕ್ಲೋ?"

"ನನ್ನ ಮೇಲೆ ಹಾಕು. ಮದುವೆ ಆಗಿ ದಿನಾ ಬೈಯಿ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಸಾಯೋವರೆಗೂ ಬೈತೀನಿ, ನೋಡ್ತಿರು."

"ಘನ ಸಭೆಯಲ್ಲಿ ನಮ್ರ ಪ್ರಾರ್ಥನೆ" ಎಂದು ಅವಳು ಆ ಎರಡು ಸಾಲಿನ ಕೆಳಗೆ ದುಂಡಗೆ ಬರೆದಳು. ಒಡೆದ ತುಟಿಯ ರಕ್ತ ಹಾಳೆಗೆ ತೊಟ್ಟಿಕ್ಕದಂತೆ ಅವನು ನುಂಗುತ್ತ ಪಕ್ಕದಲ್ಲೇ ನಿಂತಿದ್ದ.