ಕಾಲುವೆ ಕಡೆಯ ಗೇಟು

"ಕಾಕಾ, ಸಾಲಿಯ ಹೊಸಾ ಗೇಟಿಗೆ ಯಾರೋ ಸರಪಳಿ ಸುತ್ತಿ ಕೀಲಿ ಹಾಕ್ಯಾರ. ಮೋದಿನಸಾಬನ ಮ್ಯಾಲ ಕೇಸ್ ಮಾಡ್ತಾರಂತ."

ಓಡಿಬಂದಿದ್ದ ಶಿಕ್ಷಕಿ ಸುನಂದಾ ಏದುಸಿರು ಬಿಡುತ್ತಿದ್ದಳು. ಅವಳ ಕಾಕಾ ಶ್ರೀಶೈಲಪ್ಪ ನಿವೃತ್ತ ಫೌಜದಾರರು. ಬಸವನ ಬಾಗೇವಾಡಿ ತಾಲೂಕಿನ ಆ ಹಳ್ಳಿಯಲ್ಲಿ ಏನೇ ನಡೆದರೂ ಜನ ಠಾಣೆಗಿಂತ ಮೊದಲು ಅವರ ಕಟ್ಟೆಗೆ ಬರುತ್ತಿದ್ದರು. ಅವರು ಚಪ್ಪಲಿ ಮೆಟ್ಟಿ ಹೊರಟರು.

ಶಾಲೆಗಳಲ್ಲಿ ಬಿಸಿಯೂಟ ಶುರುವಾದ ಹೊಸತು ಅದು. ತೋಟದ ವಸತಿಯ ಮಕ್ಕಳಿಗೆ ಹಾದಿ ಹತ್ತಿರವಾಗಲೆಂದು ಹಿಂದಿನ ಗೋಡೆ ಒಡೆದು, ಕಾಲುವೆಯ ಕಡೆಗೆ ಗೇಟು ಕೂಡಿಸಲು ಪಂಚಾಯಿತಿ ಠರಾವು ಮಾಡಿತ್ತು. "ನನ್ನ ಹೊಲದಾಗ ಹಾದಿ ಬಿಡಂಗಿಲ್ಲ" ಎಂದು ಎದುರಾಡಿದವನು ಮೋದಿನಸಾಬ ಒಬ್ಬನೇ. ಆ ಸಭೆಯ ಬಾಗಿಲಲ್ಲಿ ನಿಂತಿದ್ದ, ಬಿಸಿಯೂಟದ ಅಡುಗೆಯ ಸುಂದರವ್ವ ಕಾಲುವೆಗೆ ತಡೆಗೋಡೆ ಕೇಳಿದಾಗ ಅಧ್ಯಕ್ಷ ಶಂಕರೆಪ್ಪ, "ಮುಂದಿನ ಸಭಾದಾಗ ನೋಡೋಣು" ಅಂದಿದ್ದರು.

ಕೀಲಿ ಗೇಟಿನ ಒಳಮೈಗೆ ತೂಗುತ್ತಿತ್ತು. ಗೋಡೆಯ ಮೇಲಿನ ಗಾಜಿನ ಚೂರುಗಳು ಒಂದೂ ಮುರಿದಿರಲಿಲ್ಲ. ಕೀಲಿಯ ತೂತಿಗೆ ಏನನ್ನೋ ಮೆತ್ತಲಾಗಿತ್ತು. ಶ್ರೀಶೈಲಪ್ಪ ಅದನ್ನು ಕಡ್ಡಿಯಿಂದ ಕೆದರಿ ನೋಡಿದರು. ಒಣಗಿ ಗಟ್ಟಿಯಾದ ಅನ್ನ.

"ಮುಂದಿನ ಬಾಗಲದ ಕೀಲಿಕೈ ಯಾರ ಹಂತೇಕ ಇರ್ತಾವು?"

"ಹೆಡ್ ಮಾಸ್ತರ ಹಂತೇಕ ಒಂದು. ಅವರು ನಿನ್ನೆನ ವಿಜಾಪುರಕ್ಕೆ ತರಬೇತಿಗೆ ಹೋಗ್ಯಾರ. ಇನ್ನೊಂದು..." ಸುನಂದಾ ಅಡುಗೆ ಕೋಣೆಯ ಕಡೆ ನೋಡಿದಳು.

ಅಂದೇ ಪಂಚಾಯಿತಿಯಲ್ಲಿ ಎಲ್ಲರೂ ಸೇರಿದರು. ಶ್ರೀಶೈಲಪ್ಪ ಮೆಲ್ಲಗೆ ಬಿಡಿಸಿ ಹೇಳಿದರು. "ಮೋದಿನಸಾಬನ ಹೊಲ ಗೇಟಿನ ಹೊರಗ ಐತಿ. ಅಂವಾ ಹಾಕಿದ್ರ ಕೀಲಿ ಹೊರಗ ಇರ್ತಿತ್ತು. ಗ್ವಾಡಿ ಯಾರೂ ಹತ್ತಿಲ್ಲ. ಅಂದ್ರ ಹಾಕಿದವರು ಸಾಲಿ ಒಳಗ ಇದ್ದವರು. ಕೀಲಿಕೈ ಇದ್ದವರು, ಅನ್ನ ಕೈಯಾಗ ಇದ್ದವರು." ಅವರು ಹೆಸರು ಹೇಳಲಿಲ್ಲ.

ಸುಂದರವ್ವ ತಾನಾಗಿ ಎದ್ದಳು. "ಹೌದ್ರಿ, ನಾನ ಹಾಕೇನಿ. ಹ್ವಾದ ವರ್ಷ ನನ್ನ ಮಗಳು ಆ ಕಾಲುವ್ಯಾಗ ಹ್ವಾದ್ಲು. ಈಗ ಹುಡುಗರನ್ನೆಲ್ಲಾ ಅದರ ದಂಡಿಗೆ ಬಿಡಾಕತ್ತೀರಿ. ತಡಿಗ್ವಾಡಿ ಕಟ್ರಿ ಅಂತ ಸಭಾ ಆದಾಗೊಮ್ಮೆ ಅಂದೆ. ಯಾರೂ ಬರಕೊಳ್ಳಲಿಲ್ಲ. ಮೋದಿನಣ್ಣನ ಮ್ಯಾಲ ಬರ್ತೈತಿ ಅಂತ ತಿಳೀಲಿಲ್ಲರಿ."

ಅವಳ ಮಗಳು ಸುನಂದಾಳ ತರಗತಿಯಲ್ಲೇ ಓದುತ್ತಿದ್ದಳು. ಆ ಹುಡುಗಿ ಕೂರುತ್ತಿದ್ದ ಜಾಗ ನೆನಪಾಗಿ ಸುನಂದಾ ತಲೆ ತಗ್ಗಿಸಿದಳು.

ಮೊದಲು ಎದ್ದು ನಿಂತವನು ಮೋದಿನಸಾಬ. "ಗೇಟಿನ ಕೀಲಿ ಹಂಗ ಇರ್ಲಿ. ಮೊದಲು ತಡಿಗ್ವಾಡಿ ಆಗ್ಲಿ. ಆಮ್ಯಾಲ ಹಾದಿ ನಾನ ಬಿಡ್ತೇನಿ."

ಶಂಕರೆಪ್ಪ ತಲೆಯಾಡಿಸಿದರು. ಕೈಗಳು ಒಂದೊಂದಾಗಿ ಮೇಲೆದ್ದವು. ಕಾರ್ಯದರ್ಶಿ ಪೆನ್ನು ಹಿಡಿದು ಕೇಳಿದ: "ಠರಾವಿಗೆ ಕಾರಣ ಏನಂತ ಬರೀಲಿ?"

ಸುಂದರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ನನ್ನ ಮಗಳ ಹೆಸರು ಬರೀರಿ. ಸೌಂದರ್ಯಾ ಅಂತ."