ಕಾರಿನ ಬಾಗಿಲಿನ ಬೀಡಿಂಗು

“ಇನ್ನೊಂಚೂರು ಮೇಲೆ ಹಿಡಿ ಮಂಗಳಾ. ಹಾಂ, ಅಲ್ಲೇ. ಈಗ ಒತ್ತಿ ಹಿಡ್ಕೊ.”

ಸರ್ವಮಂಗಳಾ ಎರಡೂ ಅಂಗೈಗಳಿಂದ ಬೀಡಿಂಗನ್ನು ಒತ್ತಿ ಹಿಡಿದಳು. ಬೀಡಿಂಗು ಅಂದರೆ ಕಾರಿನ ಬಾಗಿಲ ಹೊರಮೈಗೆ ಅಂದಕ್ಕೆಂದು ಕೂರಿಸಿದ್ದ ಉದ್ದನೆಯ ಹೊಳೆಯುವ ಪಟ್ಟಿ. ಅದರ ಮುಂದಿನ ತುದಿ ಕಿತ್ತುಬಂದು ಹೊರಕ್ಕೆ ಚಾಚಿಕೊಂಡಿತ್ತು.

ಮನೆ ಮುಂದೆ ನಿಂತಿದ್ದ ಕಾರಿನ ಎಡಗಡೆ ಬಾಗಿಲು ಪೂರ್ತಿ ತೆರೆದಿತ್ತು. ಬಾಗಿಲ ಹೊರಗಡೆ ಮಂಗಳಾ, ಒಳಗಡೆ ಅವಳ ಅಪ್ಪ ರುದ್ರಯ್ಯ. ಅಪ್ಪ ನೆಲದ ಮೇಲೆ ಮಣೆ ಹಾಕಿಕೊಂಡು ಕೂತು, ಬಾಗಿಲ ಒಳಗಿನ ರಟ್ಟು ಬಿಚ್ಚಿ ಕೈ ತೂರಿಸಿದ್ದ. ಮಂಗಳಾಗೆ ಬಾಗಿಲ ಕೆಳಗಿಂದ ಅವನ ಧೂಳು ಮೆತ್ತಿದ ಪಾದ ಮಾತ್ರ ಕಾಣುತ್ತಿತ್ತು.

“ನಟ್ಟು ಮೂರೂ ಉದುರೋಗವೆ,” ಅಂದ ಅಪ್ಪ. “ತಂತೀಲೇ ಕಟ್ಬೇಕು.”

ಬೆಳಗ್ಗೆಯಿಂದ ಮಂಗಳಾಗೆ ಯಾರ ಜೊತೆಗೂ ಮಾತು ಬೇಕಾಗಿರಲಿಲ್ಲ.

ಶಿರಾದಲ್ಲಿ ಆಗ ಬಾಡಿಗೆ ಕಾರು ಇದ್ದದ್ದೇ ಮೂರು. ಕಪ್ಪು ಬಣ್ಣದ್ದು ರುದ್ರಯ್ಯನದೊಂದೇ. ಬೆಳಗ್ಗೆ ಪೇಟೆ ಬೀದಿಯಲ್ಲಿ ಆ ಪಟ್ಟಿಯ ತುದಿ ಮಹಾಲಕ್ಷ್ಮಮ್ಮ ಟೀಚರ ಸೆರಗಿಗೆ ಸಿಕ್ಕಿ, ಮೊಳದುದ್ದ ಹರಿದುಹಾಕಿತ್ತು. ಕಾರು ನಿಲ್ಲದೆ ಹೋಗಿತ್ತು.

ಶನಿವಾರ, ಬೆಳಗಿನ ಸ್ಕೂಲು. ಟೀಚರು ಹರಿದದ್ದನ್ನು ಮಡಿಸಿ ಪಿನ್ನು ಹಾಕಿಕೊಂಡು ಬಂದು ಭಿನ್ನರಾಶಿ ಹೇಳಿಕೊಟ್ಟರು. ಮಂಗಳಾಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತ್ತು ಅವಳಿಗೆ. ಪಕ್ಕದಲ್ಲಿ ಕೂತಿದ್ದ ಖಾಜಾಬಿ ಬೇರೆ, “ನಿಮ್ಮಪ್ಪ ತಿರುಗೂ ನೋಡ್ಲಿಲ್ವಂತೆ ಕಣೆ,” ಎಂದು ಕಿವಿಯಲ್ಲಿ ಪಿಸುಗುಟ್ಟಿದ್ದಳು.

“ಅಪ್ಪಾ.”

“ಊಂ.”

“ಬೆಳಗ್ಗೆ ನೀನು ಯಾಕೆ ಕಾರು ನಿಲ್ಲಿಸ್ಲಿಲ್ಲ?”

ಬಾಗಿಲೊಳಗೆ ಕಟಿಂಗ್ ಪ್ಲೇಯರಿನ ಸದ್ದು ನಿಂತಿತು. “ಎಲ್ಲಿ?”

“ಪೇಟೆ ಬೀದೀಲಿ. ಈ ಪಟ್ಟಿ ಸಿಕ್ಕಿ ನಮ್ಮ ಟೀಚರ ಸೆರಗು ಹರೀತು. ಕ್ಲಾಸಲ್ಲಿ ಎಲ್ರೂ ನನ್ನೇ ನೋಡಿದ್ರು.”



“ನಂಗೆ ಗೊತ್ತೇ ಆಗ್ಲಿಲ್ಲ ಮಗಾ,” ಅಂದ ಅಪ್ಪ. ದನಿ ತೀರಾ ಸಣ್ಣಗಿತ್ತು. “ಎಡಗಡೆ ಬಾಗ್ಲು ನೋಡು, ನನ್ ಕಣ್ಣಿಗೆ ಬೀಳಾಕಿಲ್ಲ. ರಾತ್ರಿ ಪಾವಗಡದಿಂದ ಬಂದು ಇನ್ನೂ ಮಲಗಿರ್ಲಿಲ್ಲ, ಗೌಡಗೆರೆಯಿಂದ ಸೈಕಲ್ನಲ್ಲಿ ಆಳು ಬಂದ. ಹೆರಿಗೆ ಕೇಸು. ಬರೋವಾಗ ಎತ್ತಿನಗಾಡಿಗೆ ದಾರಿ ಬುಡಾಕೆ ಹೋಗಿ, ಕಾರು ಬೇಲಿ ಕಲ್ಲಿಗೆ ಉಜ್ಜಿಬುಡ್ತು. ಇಳಿದು ನೋಡಾಣ ಅಂದ್ರೆ ಆಯಮ್ಮ ನೋವಿಗೆ ಕೂಗ್ತಿದ್ಲು. ತುಮಕೂರು ಆಸ್ಪತ್ರೆವರ್ಗೂ ಎಲ್ಲೂ ನಿಲ್ಲಿಸ್ಲಿಲ್ಲ.”

“ಆಯಮ್ಮಂಗೆ ಏನಾಯ್ತು?”

“ಗೊತ್ತಿಲ್ಲ. ಒಳಗೆ ಕರ್ಕೊಂಡು ಹೋದ್ರು. ಅಷ್ಟ್ರಲ್ಲಿ ಮಧುಗಿರಿಗೆ ಬಾಡಿಗೆ ಸಿಕ್ತು, ಹೋದೆ.”

ತಂತಿ ತಿರುಚುವ ಸದ್ದು ಮತ್ತೆ ಶುರುವಾಯಿತು. ಒಂದು ಕಡೆ ಬಿಗಿಯಾಯಿತು. ಇನ್ನೊಂದು ಕಡೆಯೂ ಬಿಗಿಯಾಯಿತು. ಮೂರನೆಯದು ಉಳಿದಿತ್ತು. ಮಂಗಳಾಳ ಮೊಣಕೈ ನೋಯತೊಡಗಿತು.

“ನಾಳೆ ಭಾನುವಾರ,” ಅಂದ ಅಪ್ಪ. “ಟೀಚರಮ್ಮನ ಮನೆಗೆ ನಾನೇ ಹೋಗಿ ತಪ್ಪಾಯ್ತು ಅಂತ ಹೇಳ್ತೀನಿ.”

ಮಂಗಳಾ ಯೋಚನೆ ಮಾಡಿದಳು. “ನಾನೂ ಬರ್ಲಾ ಅಪ್ಪಾ?”

ಪ್ಲೇಯರಿನ ಸದ್ದು ಮತ್ತೆ ನಿಂತಿತ್ತು.

ಅವಳು ಕೈ ತೆಗೆಯದೆ ಮೆಲ್ಲಗೆ ಕತ್ತು ಚಾಚಿ ಬಾಗಿಲಂಚಿನಿಂದ ಇಣುಕಿದಳು. ಅಪ್ಪನ ತಲೆ ಕಾರಿನ ಸೀಟಿಗೆ ಒರಗಿತ್ತು. ಬಾಯಿ ಅರ್ಧ ತೆರೆದು ಸಣ್ಣಗೆ ಗೊರಕೆ ಬರುತ್ತಿತ್ತು. ಒಂದು ಕೈ ಇನ್ನೂ ಬಾಗಿಲ ಒಳಗೇ ಇತ್ತು. ಗಡ್ಡದ ಮೇಲೆಲ್ಲ ಕೆಂಪು ಧೂಳು. ಅಪ್ಪ ಇಷ್ಟು ಮುದುಕನ ಹಾಗೆ ಕಾಣುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬೀಡಿ ಅಂಗಡಿಯ ಕರೀಮ್ ಸಾಬ್ ಬಂದರು. “ಏನಮ್ಮಾ, ನಿಮ್ಮಪ್ಪ ಮನೇಲವ್ರಾ? ಕೊಡಿಗೇನಹಳ್ಳಿಗೆ ಹೋಗ್ಬೇಕಿತ್ತು.”

“ಯಾರಿಗಾದ್ರೂ ಹುಷಾರಿಲ್ವಾ ಸಾಬ್ರೆ?” ಮಂಗಳಾ ಪಿಸುದನಿಯಲ್ಲಿ ಕೇಳಿದಳು.

“ಇಲ್ಲಮ್ಮಾ. ನಮ್ಮ ತಂಗಿ ಮನೇಗೆ, ಸುಮ್ನೆ ನೋಡ್ಕೊಂಡು ಬರಾಕೆ.”

“ಹಂಗಾದ್ರೆ ನಾಳೆ ಹೋಗ್ಬೋದಾ? ಬಾಗ್ಲು ರಿಪೇರಿ ಇನ್ನೂ ಆಗಿಲ್ಲ.”

ಕರೀಮ್ ಸಾಬ್ ಬಾಗಿಲ ಆಚೆ ಒಮ್ಮೆ ನೋಡಿದರು. ತಲೆಯಾಡಿಸಿ, ಚಪ್ಪಲಿ ಸದ್ದು ಮಾಡದೆ ವಾಪಸು ಹೋದರು.

ಬಿಸಿಲು ಎದುರುಮನೆ ಗೋಡೆ ಹತ್ತಿತು. ಮಂಗಳಾ ಒಂದು ಕೈ ಬಿಡಿಸಿಕೊಂಡು, ಬೀಡಿಂಗಿಗೆ ಭುಜ ಒತ್ತಿಕೊಂಡು ನಿಂತಳು. ಮುದ್ದೆ ಕೋಲು ಕೈಯಲ್ಲೇ ಹಿಡಿದು ಅಮ್ಮ ಹೊಸ್ತಿಲಿಗೆ ಬಂದಳು.

“ಅಪ್ಪ ಮಗಳದು ಇನ್ನೂ ಮುಗೀಲಿಲ್ವಾ?”

ಮಂಗಳಾ ತುಟಿಯ ಮೇಲೆ ಬೆರಳಿಟ್ಟಳು.

“ಇನ್ನೊಂಚೂರು ಹೊತ್ತಾಯ್ತದೆ ಕಣಮ್ಮ,” ಅಂದಳು.